ಪ್ರಾಚೀನ ಗ್ರೀಸಿನ ಕುಸ್ತಿ, ಮುಷ್ಟಿಯುದ್ಧ, ಪ್ಯಾಂಕ್ರೇಶನ್: ಒಬ್ಬ ತಂದೆಯ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ದಾವಣಗೆರೆಯವನು. ನಮ್ಮ ತಾತ ಗರಡಿಮನೆಯಲ್ಲಿ ಸಾಮು ಮಾಡಿ ಬೆಳೆದವರು. ಅಪ್ಪನ ಕಾಲಕ್ಕೆ ನಮ್ಮ ಮನೆಯಲ್ಲಿ ಅದು ನಿಂತುಹೋಯಿತು. ನನ್ನ 14 ವರ್ಷದ ಮಗ ಈಗ ಎಂ.ಎಂ.ಎ. (ಹೊಡೆತ, ಒದೆತ, ಕುಸ್ತಿ ಎಲ್ಲ ಬೆರೆತ ಇಂದಿನ ಕಾದಾಟದ ಆಟ) ತರಬೇತಿಗೆ ಹೋಗುತ್ತಿದ್ದಾನೆ. ಆ ಕೇಂದ್ರದ ಗೋಡೆಯ ಮೇಲೆ ಗ್ರೀಕ್ ಜಟ್ಟಿಗಳ ದೊಡ್ಡ ಚಿತ್ರವಿದೆ. ಗ್ರೀಸಿನಲ್ಲಿ ಪ್ರತಿಯೊಬ್ಬ ಗಂಡಸೂ ಪ್ಯಾಂಕ್ರೇಶನ್ ಕಲಿಯುತ್ತಿದ್ದ, ಸತ್ತರೂ ಸೋಲೊಪ್ಪುತ್ತಿರಲಿಲ್ಲ, ಆ ಕಸುವಿನಿಂದಲೇ ಅವರು ಪರ್ಷಿಯನ್ನರನ್ನು ಗೆದ್ದರು, ಸಾಕ್ರಟೀಸ್ ಮತ್ತು ಪ್ಲೇಟೊ ಕೂಡ ಹೋರಾಟಗಾರರು, ಅಲೆಕ್ಸಾಂಡರನ ಸೈನ್ಯದೊಂದಿಗೆ ಈ ವಿದ್ಯೆ ಭಾರತಕ್ಕೆ ಬಂತು ಎಂದು ಅಲ್ಲಿನ ತರಬೇತುದಾರರು ಹುಡುಗರಿಗೆ ಹೇಳುತ್ತಾರಂತೆ. ಮುಂದಿನ ತಿಂಗಳು ಸ್ಪರ್ಧೆಗೆ ಇಳಿಯುತ್ತೇನೆಂದು ಮಗ ಹಟ ಹಿಡಿದಿದ್ದಾನೆ. ‘ಸೋಲೊಪ್ಪುವುದು ಹೇಡಿತನ’ ಎಂಬ ಮಾತು ಅವನ ಬಾಯಲ್ಲಿ ಬರತೊಡಗಿದ ಮೇಲೆ ನನಗೆ ಭಯವಾಗಿದೆ. ಇದರಲ್ಲಿ ನಿಜವೆಷ್ಟು? ಅಷ್ಟು ವಿವೇಕಿಗಳಾದ ಜನ ತಮ್ಮ ಮಕ್ಕಳನ್ನು ಇಂಥ ಕ್ರೌರ್ಯಕ್ಕೆ ಏಕೆ ಒಡ್ಡುತ್ತಿದ್ದರು? ಮಗನಿಗೆ ನಾನು ಏನು ಹೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಚರಿತ್ರೆಗೆ ಸಂಬಂಧಿಸಿದ ಪ್ರಶ್ನೆಗಳು ಹಲವಿದ್ದರೂ ಅವುಗಳ ಹಿಂದಿರುವ ಆತಂಕ ಒಂದೇ ಎಂದು ನನಗೆ ತೋರುತ್ತದೆ. ಸೋಲನ್ನು ಒಪ್ಪದಿರುವುದೇ ಗಂಡಸುತನವೆಂದು ಒಂದು ದೊಡ್ಡ ನಾಗರಿಕತೆಯೇ ನಂಬಿ ನಡೆದಿತ್ತು ಎನ್ನುವುದಾದರೆ, ಅದನ್ನೇ ಹೇಳುತ್ತಿರುವ ಮಗನನ್ನು ತಡೆಯುವುದು ಯಾವ ಬಾಯಿಂದ ಎಂಬ ಅಳುಕು ನಿಮಗಿದೆ. ಪ್ರಾಚೀನ ಚರಿತ್ರೆಯನ್ನು ಕಲಿಸುವವನಾಗಿ ನಾನು ಮೊದಲೇ ಸ್ಪಷ್ಟವಾಗಿ ಹೇಳಬಹುದಾದದ್ದು ಇಷ್ಟು: ಗ್ರೀಕರ ಮುಷ್ಟಿಯುದ್ಧವೂ ಪ್ಯಾಂಕ್ರೇಶನ್ನೂ ನಿಂತಿದ್ದೇ ‘ಸಾಕು’ ಎನ್ನುವ ಹಕ್ಕು ಆಟಗಾರನಿಗಿದೆ ಎಂಬ ನಿಯಮದ ಮೇಲೆ. ಆ ಹಕ್ಕನ್ನು ಬಳಸದೆ ಸತ್ತವರನ್ನು ಅವರು ಕೊಂಡಾಡಿದ್ದೂ ಉಂಟು. ಈ ಎರಡರ ನಡುವೆ ಅವರ ಸಮಾಜ ಶತಮಾನಗಳ ಕಾಲ ತನ್ನೊಳಗೇ ವಾದಿಸುತ್ತಲೇ ಇತ್ತು. ನಿಮ್ಮ ಮಗನಿಗೆ ತಲುಪಿರುವುದು ಆ ವಾದದ ಒಂದು ಪಕ್ಷ ಮಾತ್ರ.

ಮೊದಲು ಆಟಗಳು ಯಾವುವೆಂದು ನೋಡೋಣ. ಗ್ರೀಕರ ಸಾಂಪ್ರದಾಯಿಕ ಲೆಕ್ಕದ ಪ್ರಕಾರ ಜ್ಯೂಸ್ ದೇವರ ಕ್ಷೇತ್ರವಾದ ಒಲಿಂಪಿಯಾದ ಕ್ರೀಡೆಗಳು, ಅಂದರೆ ಪ್ರಾಚೀನ ಒಲಿಂಪಿಕ್ಸ್, ಕ್ರಿ.ಪೂ. 776ರಲ್ಲಿ ಓಟದ ಸ್ಪರ್ಧೆಯೊಂದಿಗೆ ಶುರುವಾದವು. ಕುಸ್ತಿ ಸೇರಿದ್ದು ಕ್ರಿ.ಪೂ. 708ರಲ್ಲಿ, ಮುಷ್ಟಿಯುದ್ಧ 688ರಲ್ಲಿ, ಪ್ಯಾಂಕ್ರೇಶನ್ 648ರಲ್ಲಿ. ಕುಸ್ತಿಯಲ್ಲಿ ಎದುರಾಳಿಯನ್ನು ಮೂರು ಬಾರಿ ಕೆಡವಿದವನು ಗೆದ್ದಂತೆ. ಮುಷ್ಟಿಯುದ್ಧದಲ್ಲಿ ಕೈಗೆ ಎತ್ತಿನ ಚರ್ಮದ ಪಟ್ಟಿಗಳನ್ನು ಸುತ್ತಿಕೊಳ್ಳುತ್ತಿದ್ದರು, ಕ್ರಿ.ಪೂ. ನಾಲ್ಕನೆಯ ಶತಮಾನದಿಂದ ಆ ಮೆದು ಪಟ್ಟಿಗಳ ಜಾಗಕ್ಕೆ ಗಟ್ಟಿ ಅಂಚುಳ್ಳ ದಪ್ಪ ಪಟ್ಟಿಗಳು ಬಂದವು. ಪ್ಯಾಂಕ್ರೇಶನ್ ಎಂದರೆ ಹೊಡೆತ, ಒದೆತ, ಹಿಡಿತ, ಕತ್ತು ಅಮುಕುವುದು, ಕೀಲು ತಿರುಚುವುದು ಎಲ್ಲವೂ ಸೇರಿದ ಆಟ. ಕಚ್ಚುವುದು ಮತ್ತು ಕಣ್ಣು ಮೊದಲಾದ ಕಡೆ ಬೆರಳು ಹಾಕಿ ಕೀಳುವುದು ಮಾತ್ರ ನಿಷಿದ್ಧ. ಮೂರರಲ್ಲೂ ತೂಕದ ವಿಭಾಗ ಇರಲಿಲ್ಲ, ಸುತ್ತುಗಳಿರಲಿಲ್ಲ, ಕಾಲಮಿತಿ ಇರಲಿಲ್ಲ. ಬೆಳ್ಳಿಯ ಪಾತ್ರೆಯೊಳಗಿಂದ ಅಕ್ಷರ ಕೊರೆದ ಸಣ್ಣ ಚೀಟಿಬಿಲ್ಲೆಗಳನ್ನು ಎತ್ತಿ, ಒಂದೇ ಅಕ್ಷರ ಬಂದವರನ್ನು ಜೋಡಿ ಕಟ್ಟುತ್ತಿದ್ದರು. ಆದ್ದರಿಂದ ಸಣ್ಣ ಮೈಕಟ್ಟಿನವನಿಗೆ ತನಗಿಂತ ಎರಡು ಪಟ್ಟು ತೂಗುವವನೇ ಜೋಡಿಯಾಗಿ ಸಿಗಬಹುದಿತ್ತು.

ಮುಷ್ಟಿಯುದ್ಧವೂ ಪ್ಯಾಂಕ್ರೇಶನ್ನೂ ಮುಗಿಯುತ್ತಿದ್ದುದು ಎರಡೇ ರೀತಿಯಲ್ಲಿ: ಒಬ್ಬ ಎದ್ದು ನಿಲ್ಲಲಾಗದಂತೆ ಬೀಳಬೇಕು, ಇಲ್ಲವೇ ಬೆರಳೆತ್ತಿ ಸೋಲೊಪ್ಪಬೇಕು. ಗ್ರೀಕ್ ಮಡಕೆಗಳ ಮೇಲಿನ ಚಿತ್ರಗಳಲ್ಲಿ ಹೀಗೆ ತೋರುಬೆರಳು ಎತ್ತಿದ ಮುಷ್ಟಿಯೋಧರು ಮತ್ತೆ ಮತ್ತೆ ಕಾಣಿಸುತ್ತಾರೆ. ಸಾವಿರಾರು ಜನ ನೋಡುತ್ತಿರುವಾಗ ಬೆರಳೆತ್ತಿ ಮನೆಗೆ ಹೋಗುವುದು ಆಟದ ಸಾಮಾನ್ಯ ಭಾಗವಾಗಿತ್ತು. ಹಾಗೆಯೇ ಆಗಬೇಕಿತ್ತು ಕೂಡ, ಏಕೆಂದರೆ ಸಮಯ ಮುಗಿಯಿತೆಂದು ಗಂಟೆ ಬಾರಿಸುವ ಪದ್ಧತಿ ಇಲ್ಲದ ಕಣದಲ್ಲಿ ಸೋತವನ ಬೆರಳೊಂದೇ ಆಟವನ್ನು ನಿಲ್ಲಿಸಬಲ್ಲದು. ಈ ನಿಯಮವನ್ನು ಸಹಿಸಲಾಗದವರು ಒಬ್ಬರಿದ್ದರು, ಅವರು ಸ್ಪಾರ್ಟಾದವರು. ಜೀವನಚರಿತ್ರೆಗಳನ್ನು ಬರೆದ ಗ್ರೀಕ್ ಲೇಖಕ ಪ್ಲುಟಾರ್ಕ್ ಹೇಳುವಂತೆ, ಕೈಯೆತ್ತಿ ಸೋಲೊಪ್ಪುವ ಸ್ಪರ್ಧೆಗಳಿಗೆ ಸ್ಪಾರ್ಟಾದ ಪ್ರಜೆಗಳು ಹೋಗಕೂಡದೆಂದು ಅವರ ಶಾಸನಕಾರ ಲೈಕರ್ಗಸನೇ ತಡೆದಿದ್ದನಂತೆ. ಸ್ಪಾರ್ಟಾದ ತಾಯ್ನೆಲದ ಪ್ಯಾಂಕ್ರೇಶನ್‌ನಲ್ಲಿ ಕಚ್ಚುವುದಕ್ಕೂ ಕೀಳುವುದಕ್ಕೂ ಅನುಮತಿಯಿತ್ತೆಂದು ಇನ್ನೊಬ್ಬ ಗ್ರೀಕ್ ಲೇಖಕ ಫಿಲೊಸ್ಟ್ರಾಟಸ್ ಬರೆಯುತ್ತಾನೆ. ಅಂದರೆ ಸೋಲನ್ನು ಎಂದೂ ಒಪ್ಪಬಾರದೆಂದು ನಂಬಿದವರು ಒಲಿಂಪಿಯಾದ ಈ ಎರಡು ಆಟಗಳಿಂದ ದೂರವೇ ಉಳಿದರು. ನಿಮ್ಮ ಮಗ ಹೇಳುತ್ತಿರುವ ಮಾತು ಸ್ಪಾರ್ಟಾದ್ದು. ಗೋಡೆಯ ಚಿತ್ರದಲ್ಲಿರುವ ಆಟ ಉಳಿದ ಗ್ರೀಕರದ್ದು. ಇದನ್ನು ಅವನಿಗೆ ಮೊದಲು ತಿಳಿಸಿ.

ಇನ್ನು ಸಾವಿನ ವಿಚಾರ. ಕಣದಲ್ಲಿ ಸಾವುಗಳು ಆಗಿದ್ದವು, ಅದನ್ನು ಮುಚ್ಚಿಡುವುದು ಸರಿಯಲ್ಲ. ಕ್ರಿ.ಪೂ. 564ರ ಒಲಿಂಪಿಕ್ಸ್‌ನಲ್ಲಿ ಫಿಗಾಲಿಯಾ ಊರಿನ ಅರ್ಹೀಕಿಯಾನ್ ಎಂಬ ಪ್ಯಾಂಕ್ರೇಶನ್ ಪಟುವನ್ನು ಎದುರಾಳಿ ಕಾಲುಗಳಿಂದ ಸುತ್ತಿ ಹಿಡಿದು ಕತ್ತು ಅಮುಕಿದ. ಉಸಿರು ನಿಲ್ಲುತ್ತಿರುವಾಗಲೇ ಅರ್ಹೀಕಿಯಾನ್ ಆತನ ಕಾಲ್ಬೆರಳನ್ನು ತಿರುಚಿ ಮುರಿದ. ನೋವು ತಾಳಲಾರದೆ ಎದುರಾಳಿ ಸೋಲೊಪ್ಪಿದ ಗಳಿಗೆಯಲ್ಲೇ ಅರ್ಹೀಕಿಯಾನನ ಪ್ರಾಣ ಹೋಯಿತು. ತೀರ್ಪುಗಾರರು ಹೆಣಕ್ಕೆ ಆಲಿವ್ ಕಿರೀಟ ತೊಡಿಸಿದರು. ಅವನ ಶಿಲಾಪ್ರತಿಮೆಯನ್ನು ಏಳು ಶತಮಾನಗಳ ನಂತರ ಪೌಸಾನಿಯಸ್ ಎಂಬ ಪ್ರವಾಸಿ ಫಿಗಾಲಿಯಾದ ಸಂತೆ ಚೌಕದಲ್ಲಿ ಕಂಡು ಬರೆದಿದ್ದಾನೆ. ಫಿಲೊಸ್ಟ್ರಾಟಸ್ ಹೇಳುವ ಇನ್ನೊಂದು ವಿವರ ನನ್ನನ್ನು ಈಗಲೂ ಕಲಕುತ್ತದೆ: ಅರ್ಹೀಕಿಯಾನ್ ಕೈಚೆಲ್ಲುವ ಹಂತಕ್ಕೆ ಬಂದಾಗ, ಒಲಿಂಪಿಯಾದಲ್ಲಿ ಸೋಲೊಪ್ಪಲಿಲ್ಲ ಎಂಬುದು ಎಂಥ ಸೊಗಸಾದ ಸಮಾಧಿಲೇಖ ಎಂದು ಕೂಗಿ ಅವನನ್ನು ತಡೆದದ್ದು ಅವನ ಗುರುವೇ. ಶಿಷ್ಯ ಬೆರಳೆತ್ತಲು ಸಿದ್ಧನಿದ್ದ. ಸಾವಿನತ್ತ ದೂಡಿದ್ದು ಕಣದ ಹೊರಗೆ ಸುರಕ್ಷಿತವಾಗಿ ನಿಂತಿದ್ದವನ ಮಾತು. ತರಬೇತುದಾರರನ್ನು ಆರಿಸುವ ತಂದೆತಾಯಿಗಳು ಈ ಕತೆಯನ್ನು ತಿಳಿದಿರಬೇಕು.

ಒಲಿಂಪಿಯಾದಲ್ಲಿ ಸಿಕ್ಕ ಇನ್ನೊಂದು ಶಾಸನ ಅಲೆಕ್ಸಾಂಡ್ರಿಯಾದ ಒಬ್ಬ ಮುಷ್ಟಿಯೋಧನದು. ಹೆಸರು ಅಗಾಥಸ್ ಡೈಮನ್, ಅಡ್ಡಹೆಸರು ಒಂಟೆ. ನೆಮಿಯಾದ ಕ್ರೀಡೆಯಲ್ಲಿ ಗೆದ್ದವನು, ಕಿರೀಟ ಕೊಡು ಇಲ್ಲವೇ ಸಾವು ಕೊಡು ಎಂದು ಜ್ಯೂಸ್ ದೇವರಲ್ಲಿ ಬೇಡಿಕೊಂಡು ಇದೇ ಕ್ರೀಡಾಂಗಣದಲ್ಲಿ ಹೊಡೆದಾಡುತ್ತ ಸತ್ತನು, ವಯಸ್ಸು 35 ಎಂದು ಅದರಲ್ಲಿ ಕೆತ್ತಿದ್ದಾರೆ. ಇಂಥವರನ್ನು ಮೆಚ್ಚುವ ಜನರಿದ್ದರು ಎಂಬುದರಲ್ಲಿ ಸಂಶಯವಿಲ್ಲ.

ಆದರೆ ಕೊಂದವನು ಗೆಲ್ಲುತ್ತಿದ್ದ ಎಂಬುದು ಸುಳ್ಳು. ಕ್ರಿ.ಪೂ. 492ರಲ್ಲಿ ಆಸ್ಟಿಪಲಿಯಾ ದ್ವೀಪದ ಕ್ಲಿಯೊಮೀಡಿಸ್ ಮುಷ್ಟಿಯುದ್ಧದಲ್ಲಿ ಎಪಿಡಾರಸ್‌ನ ಇಕ್ಕಸ್ ಎಂಬವನನ್ನು ಕೊಂದಾಗ, ಅವನು ಅಕ್ರಮವಾಗಿ ಹೊಡೆದನೆಂದು ತೀರ್ಪುಗಾರರು ಗೆಲುವನ್ನು ಕಿತ್ತುಕೊಂಡರು. ನೆಮಿಯಾದಲ್ಲಿ ಡಮಾಕ್ಸಿನಸ್ ಮತ್ತು ಕ್ರೂಗಸ್ ಎಂಬಿಬ್ಬರು ಸಂಜೆಯವರೆಗೂ ಹೋರಾಡಿ ಇತ್ಯರ್ಥವಾಗದಿದ್ದಾಗ, ಒಬ್ಬರ ನಂತರ ಒಬ್ಬರು ತಡೆಯದೆ ಒಂದೊಂದು ಏಟು ತಿನ್ನಬೇಕೆಂದು ಒಪ್ಪಂದವಾಯಿತು. ಡಮಾಕ್ಸಿನಸ್ ಚೂಪಾಗಿ ನೀಡಿದ ಬೆರಳುಗಳಿಂದ ಎದುರಾಳಿಯ ಹೊಟ್ಟೆ ಸೀಳಿ ಕೊಂದ. ಐದು ಬೆರಳೆಂದರೆ ಐದು ಏಟು, ಒಪ್ಪಂದ ಮುರಿದಿದ್ದಾನೆ ಎಂದು ನಿರ್ಣಯಿಸಿ ಅವನನ್ನು ಹೊರಗಟ್ಟಿದರು. ಸತ್ತ ಕ್ರೂಗಸ್‌ನನ್ನೇ ವಿಜೇತನೆಂದು ಘೋಷಿಸಿದರು. ಇನ್ನೊಂದೆಡೆ, ಸ್ಪರ್ಧೆಯಲ್ಲಿ ಉದ್ದೇಶವಿಲ್ಲದೆ ಎದುರಾಳಿಯ ಸಾವಿಗೆ ಕಾರಣನಾದವನನ್ನು ಕೊಲೆಗಾರನೆಂದು ಗಡೀಪಾರು ಮಾಡಬಾರದೆಂದು ಅಥೆನ್ಸಿನ ಕಾನೂನೇ ಹೇಳುತ್ತಿತ್ತು. ಅಲ್ಲಿನ ವಾಗ್ಮಿ ಡೆಮಾಸ್ತನೀಸನ ಒಂದು ಭಾಷಣದಲ್ಲಿ ಇದರ ಉಲ್ಲೇಖವಿದೆ. ಇಂಥ ಕಾನೂನು ಬೇಕಾಯಿತೆಂದರೆ ಸಾವು ನಿಜವಾದ ಅಪಾಯವಾಗಿತ್ತು. ಆದರೆ ಅದು ಅವಘಡವೆಂದೇ ಪರಿಗಣಿತವಾಗಿತ್ತು, ಆಟದ ಗುರಿಯಾಗಿರಲಿಲ್ಲ. ರೋಮಿನ ಗ್ಲಾಡಿಯೇಟರುಗಳೊಡನೆ ಇದನ್ನು ಬೆರೆಸುವುದು ನಾನು ಅತಿ ಹೆಚ್ಚು ಕಾಣುವ ತಪ್ಪು. ಅವರಲ್ಲಿ ಹೆಚ್ಚಿನವರು ಗುಲಾಮರು, ಸೆರೆಸಿಕ್ಕವರು, ಆಯುಧ ಹಿಡಿದು ಪರರ ಮನರಂಜನೆಗಾಗಿ ಇಳಿದವರು. ಒಲಿಂಪಿಯಾದ ಕಣಕ್ಕೆ ಗುಲಾಮನಿಗೆ ಪ್ರವೇಶವೇ ಇರಲಿಲ್ಲ.

ಮಗನಿಗೆ ಹೇಳಬೇಕಾದ ಇನ್ನೊಂದು ಸಂಗತಿಯಿದೆ. ಹೆಸರಿನಿಂದ ಭಯಂಕರವಾಗಿ ಕೇಳಿಸುವ ಪ್ಯಾಂಕ್ರೇಶನ್‌ಗಿಂತ ಮುಷ್ಟಿಯುದ್ಧವನ್ನೇ ಗ್ರೀಕರು ಹೆಚ್ಚು ಅಪಾಯಕರವೆಂದು ಎಣಿಸಿದ್ದರು. ಕ್ರಿ.ಪೂ. 212ರಲ್ಲಿ ಥೀಬ್ಸ್‌ನ ಕ್ಲೈಟೊಮೆಕಸ್ ಎರಡಕ್ಕೂ ಹೆಸರು ಕೊಟ್ಟಿದ್ದ. ಮುಷ್ಟಿಯುದ್ಧದಲ್ಲಿ ಗಾಯಗೊಳ್ಳುವ ಮೊದಲು ಪ್ಯಾಂಕ್ರೇಶನ್ ಮುಗಿಸಿಬಿಡಿ ಎಂದು ಅವನು ತೀರ್ಪುಗಾರರನ್ನು ಕೇಳಿಕೊಂಡ. ಕೋರಿಕೆ ನ್ಯಾಯವಾದದ್ದೆಂದು ಅವರು ಒಪ್ಪಿದರು. ಏಟು ಬೀಳುತ್ತಿದ್ದುದು ಹೆಚ್ಚಾಗಿ ತಲೆಗೆ. 1885ರಲ್ಲಿ ರೋಮಿನ ಕ್ವಿರಿನಾಲ್ ಗುಡ್ಡದಲ್ಲಿ ಅಗೆಯುವಾಗ ಸಿಕ್ಕ ಕಂಚಿನ ಮುಷ್ಟಿಯೋಧನ ಪ್ರತಿಮೆಯ ಚಿತ್ರವನ್ನು ನಿಮ್ಮ ಮಗನಿಗೆ ತೋರಿಸಿ. ಪಂದ್ಯ ಮುಗಿಸಿ ಕುಳಿತಿರುವ, ವಯಸ್ಸು ಮೀರಿದ ಗಂಡಸು. ಮೂಗು ಮುರಿದಿದೆ, ಕಿವಿಗಳು ಊದಿ ಮುದ್ದೆಯಾಗಿವೆ, ಮುಖದ ಮೇಲಿನ ಸೀಳುಗಾಯಗಳಿಗೆ ಶಿಲ್ಪಿ ಕೆಂಪಾಗಿ ಕಾಣಲೆಂದು ತಾಮ್ರವನ್ನು ಕೂರಿಸಿದ್ದಾನೆ. ತಲೆ ತಿರುಗಿಸಿದಾಗ ಮುಖದಿಂದ ಸಿಡಿದು ಬಲಗೈ ಮತ್ತು ತೊಡೆಯ ಮೇಲೆ ಬಿದ್ದ ರಕ್ತದ ಹನಿಗಳೂ ತಾಮ್ರದವೇ. ಕೈಗಳಿಗೆ ಸುತ್ತಿದ ಚರ್ಮದ ಪಟ್ಟಿಯ ಹೊಲಿಗೆ ಕೂಡ ಎದ್ದು ಕಾಣುತ್ತದೆ. ಗೋಡೆಯ ಮೇಲೆ ಅಂಟಿಸುವ ಚಿತ್ರಗಳಲ್ಲಿ ಈ ಮುಖ ಇರುವುದಿಲ್ಲ.

ನಿಯಮಗಳನ್ನು ಕಾಯುತ್ತಿದ್ದುದು ಬೆತ್ತ. ಬ್ರಿಟಿಷ್ ಮ್ಯೂಸಿಯಂನಲ್ಲಿರುವ, ಕ್ರಿ.ಪೂ. ಐದನೆಯ ಶತಮಾನದ ಆರಂಭದ ಬಟ್ಟಲೊಂದರ ಮೇಲೆ ಪ್ಯಾಂಕ್ರೇಶನ್ ಆಡುವ ಇಬ್ಬರು ನೆಲಕ್ಕುರುಳಿದ್ದಾರೆ. ಒಬ್ಬ ಇನ್ನೊಬ್ಬನ ಕಣ್ಣಿಗೆ ಬೆರಳು ಹಾಕಿದ್ದಾನೆ. ಪಕ್ಕದಲ್ಲಿ ನಿಂತವನು ಅವನಿಗೆ ಬಾರಿಸಲು ಕವಲುಗೋಲನ್ನು ಎತ್ತಿದ್ದಾನೆ. ಗ್ರೀಕ್ ಸಮಾಜದಲ್ಲಿ ಮೈಮೇಲೆ ಹೊಡೆಸಿಕೊಳ್ಳುವುದು ಗುಲಾಮನ ಪಾಡು. ಸ್ವತಂತ್ರ ಪ್ರಜೆಗೆ ಅದಕ್ಕಿಂತ ಅವಮಾನ ಬೇರೆಯಿಲ್ಲ. ಅಂಥವನು ಕಣಕ್ಕೆ ಇಳಿದಾಗ ಮಾತ್ರ ತೀರ್ಪುಗಾರನ ಕೋಲಿಗೆ ತನ್ನ ಬೆನ್ನನ್ನು ತಾನಾಗಿ ಒಪ್ಪಿಸುತ್ತಿದ್ದ. ಈ ಆಟಗಳು ಅವರ ಸಮಾಜದಲ್ಲಿ ಯಾವ ಸ್ಥಾನ ಪಡೆದಿದ್ದವು ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಈ ಬಟ್ಟಲನ್ನೇ. ಮನೆತನದ ಹಮ್ಮು, ಆಸ್ತಿಯ ಬಲ ಎರಡನ್ನೂ ಹೊರಗೆ ಬಿಟ್ಟು, ಎಲ್ಲರಿಗೂ ಒಂದೇ ಆದ ನಿಯಮಕ್ಕೆ ತಲೆಬಾಗಿ, ಬೆತ್ತಲೆ ಮೈಯಲ್ಲಿ ಊರೆದುರು ಪರೀಕ್ಷೆಗೆ ನಿಲ್ಲುವುದು ಅಲ್ಲಿ ಗೌರವದ ಮಾತಾಗಿತ್ತು. ಒಲಿಂಪಿಯಾದ ಸ್ಪರ್ಧಿಗಳು ಹಂದಿಮಾಂಸದ ತುಂಡುಗಳ ಮುಂದೆ ನಿಂತು, ತಾವು ಹತ್ತು ತಿಂಗಳು ನಿಯಮದಂತೆ ಅಭ್ಯಾಸ ಮಾಡಿದ್ದೇವೆ, ಕ್ರೀಡೆಗೆ ದ್ರೋಹ ಬಗೆಯುವುದಿಲ್ಲ ಎಂದು ಜ್ಯೂಸ್ ದೇವರ ಆಣೆ ಇಡುತ್ತಿದ್ದರು. ಅವರ ತಂದೆ ಮತ್ತು ಅಣ್ಣತಮ್ಮಂದಿರು ಕೂಡ ಜೊತೆಗೆ ಆಣೆ ಇಡಬೇಕಿತ್ತು. ಕ್ರಿ.ಪೂ. 388ರಲ್ಲಿ ಥೆಸ್ಸಲಿಯ ಯೂಪೊಲಸ್ ಎದುರಾಳಿಗಳಿಗೆ ಲಂಚ ಕೊಟ್ಟು ಮುಷ್ಟಿಯುದ್ಧ ಗೆದ್ದದ್ದು ಬಯಲಾದಾಗ, ಕೊಟ್ಟವನಿಗೂ ತೆಗೆದುಕೊಂಡವರಿಗೂ ದಂಡ ಹಾಕಿ, ಆ ಹಣದಲ್ಲಿ ಜ್ಯೂಸ್‌ನ ಆರು ಕಂಚಿನ ಪ್ರತಿಮೆಗಳನ್ನು ಮಾಡಿಸಿ, ಕ್ರೀಡಾಂಗಣಕ್ಕೆ ಹೋಗುವ ದಾರಿಯ ಪಕ್ಕ ನಿಲ್ಲಿಸಿದರು. ಮುಂದೆ ಸ್ಪರ್ಧಿಸಲು ಬಂದವರೆಲ್ಲ ಅವುಗಳನ್ನು ಹಾದುಹೋಗಬೇಕಾಗಿತ್ತು.

ಪ್ರತಿಯೊಬ್ಬ ಗಂಡಸೂ ಕಲಿಯುತ್ತಿದ್ದ ಎಂಬುದು ಅರ್ಧ ಸತ್ಯ ಕೂಡ ಅಲ್ಲ. ಊರೂರಿನಲ್ಲಿ ಪಲೆಸ್ಟ್ರಾ ಎಂಬ ಕುಸ್ತಿಯ ಅಂಗಳಗಳಿದ್ದವು. ಎಣ್ಣೆ ಬಳಿದುಕೊಂಡು, ಮಣ್ಣು ಹಚ್ಚಿಕೊಂಡು, ಗುರುವಿನ ಕಣ್ಣಳತೆಯಲ್ಲಿ ಪಟ್ಟು ಕಲಿಯುವ ಆ ಜಾಗವನ್ನು ನಿಮ್ಮ ತಾತ ನೋಡಿದ್ದರೆ ತಮ್ಮ ಗರಡಿಯನ್ನೇ ಕಂಡಂತೆ ಗುರುತಿಸುತ್ತಿದ್ದರು. ಅಕ್ಷರ ಮತ್ತು ಸಂಗೀತದ ಜೊತೆಗೆ ಅಲ್ಲಿನ ಅಭ್ಯಾಸವೂ ಅನುಕೂಲಸ್ಥರ ಹುಡುಗರ ಓದಿನ ಭಾಗವಾಗಿತ್ತು. ಅಲ್ಲಿ ಮುಖ್ಯವಾಗಿ ಕಲಿಸುತ್ತಿದ್ದುದು ಕುಸ್ತಿ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಕ್ರಿ.ಶ. ಎರಡನೆಯ ಶತಮಾನದ ಪಪೈರಸ್ (ಜೊಂಡಿನ ಕಾಗದ) ತುಣುಕೊಂದರಲ್ಲಿ ಜೋಡಿಯಾಗಿ ನಿಂತ ಹುಡುಗರಿಗೆ ಗುರು ಒಂದೊಂದಾಗಿ ಹೇಳುವ ಹಿಡಿತಗಳ ಪಾಠವೇ ಇದೆ: ನೀನು ಹೀಗೆ ಹಿಡಿ, ನೀನು ಕಾಲು ಮುಂದಿಡು, ಈಗ ಸೆಣಸಿ. ಗುಲಾಮರು ಇಂಥ ಅಂಗಳಗಳಲ್ಲಿ ಅಭ್ಯಾಸ ಮಾಡಕೂಡದೆಂಬ ಕಾನೂನು ಅಥೆನ್ಸಿನಲ್ಲಿತ್ತು. ಹೆಣ್ಣುಮಕ್ಕಳು ಕುಸ್ತಿ ಮಾಡುತ್ತಿದ್ದುದಕ್ಕೆ ಹೆಸರಾದದ್ದು ಸ್ಪಾರ್ಟಾ.

ಬಡವರ ಮಕ್ಕಳು ಒಮ್ಮೊಮ್ಮೆ ಮೇಲೆ ಬಂದದ್ದುಂಟು. ಕರಿಸ್ಟಸ್‌ನ ಗ್ಲಾಕಸ್ ರೈತನ ಮಗ. ಕಳಚಿಬಿದ್ದ ನೇಗಿಲ ಕುಳವನ್ನು ಸುತ್ತಿಗೆಯಿಲ್ಲದೆ ಮುಷ್ಟಿಯಿಂದಲೇ ಗುದ್ದಿ ಕೂರಿಸಿದ್ದನ್ನು ಕಂಡ ತಂದೆ ಅವನನ್ನು ಒಲಿಂಪಿಯಾಕ್ಕೆ ಕರೆದೊಯ್ದನಂತೆ. ಅನುಭವವಿಲ್ಲದ ಹುಡುಗ ಏಟು ತಿಂದು ತಿಂದು ಸೋಲುವಂತಾದಾಗ, ಮಗನೇ, ನೇಗಿಲಿಗೆ ಹೊಡೆದಂತೆ ಹೊಡೆ ಎಂದು ತಂದೆ ಕೂಗಿದ, ಹುಡುಗ ಗೆದ್ದ. ಪೌಸಾನಿಯಸ್ ದಾಖಲಿಸಿದ ಈ ಕತೆ ಗೆದ್ದ ಕಾರಣಕ್ಕೆ ಉಳಿದಿದೆ. ಹಾಗೆ ಕೂಗಿದ ತಂದೆಯರ ಸೋತ ಮಕ್ಕಳ ಕತೆಯನ್ನು ಯಾರೂ ಬರೆದಿಡಲಿಲ್ಲ.

ಹಾಗಾದರೆ ವಿವೇಕಿಗಳು ಮಕ್ಕಳನ್ನು ಏಕೆ ಕಳಿಸುತ್ತಿದ್ದರು? ಗೆಲುವಿನ ಪ್ರತಿಫಲ ಅಷ್ಟು ದೊಡ್ಡದಿತ್ತು. ನೂರಾರು ಪುಟ್ಟ ನಗರರಾಜ್ಯಗಳಾಗಿ ಹರಿದುಹಂಚಿಹೋಗಿದ್ದ ಗ್ರೀಕರಿಗೆ ಒಲಿಂಪಿಯಾ, ಡೆಲ್ಫಿ, ಇಸ್ತ್ಮಿಯಾ, ನೆಮಿಯಾ ಈ ನಾಲ್ಕು ಕ್ರೀಡೋತ್ಸವಗಳು ಎಲ್ಲರೂ ಸೇರುವ ಜಾಗಗಳು, ಎಲ್ಲರೆದುರು ತಮ್ಮ ಊರಿನ ಹೆಸರು ಕೂಗಿಸಿಕೊಳ್ಳುವ ಜಾಗಗಳು. ಅಲ್ಲಿ ಕೊಡುತ್ತಿದ್ದುದು ಎಲೆಯ ಕಿರೀಟ ಮಾತ್ರ, ನಿಜ. ಆದರೆ ಊರಿಗೆ ಮರಳಿದ ಮೇಲೆ ಕತೆಯೇ ಬೇರೆ. ಒಲಿಂಪಿಕ್ ವಿಜೇತನಿಗೆ ಅಥೆನ್ಸಿನ ಶಾಸನಕಾರ ಸೋಲನ್ 500 ಡ್ರಾಕ್ಮಾ (ಗ್ರೀಕ್ ಬೆಳ್ಳಿ ನಾಣ್ಯ) ಗೊತ್ತು ಮಾಡಿದ್ದನೆಂದು ಪ್ಲುಟಾರ್ಕ್ ಹೇಳುತ್ತಾನೆ. ಆಗ ಒಂದು ಕುರಿಯ ಬೆಲೆ ಒಂದು ಡ್ರಾಕ್ಮಾ. ಸರ್ಕಾರದ ಖರ್ಚಿನಲ್ಲಿ ಜೀವನಪೂರ್ತಿ ಊಟ, ಉತ್ಸವಗಳಲ್ಲಿ ಮುಂದಿನ ಸಾಲಿನ ಆಸನ ಸಿಗುತ್ತಿದ್ದವು. ಅಥೆನ್ಸಿನ ಪನಥೀನಿಯಾ ಉತ್ಸವದಲ್ಲಿ ನೇರವಾಗಿಯೇ ಬಹುಮಾನವಿತ್ತು: ಕ್ರಿ.ಪೂ. ನಾಲ್ಕನೆಯ ಶತಮಾನದ ಶಾಸನದ ಪ್ರಕಾರ ಬಾಲಕರ ಕುಸ್ತಿಯಲ್ಲಿ ಮೊದಲ ಬಹುಮಾನ 30 ದೊಡ್ಡ ಕೊಡ ಆಲಿವ್ ಎಣ್ಣೆ, ಬಾಲಕರ ಪ್ಯಾಂಕ್ರೇಶನ್‌ಗೆ 40. ಒಂದು ಕೊಡದಲ್ಲಿ ಹತ್ತಿರ ಹತ್ತಿರ 40 ಲೀಟರ್ ಹಿಡಿಯುತ್ತಿತ್ತು. ಕ್ರಿ.ಪೂ. 464ರಲ್ಲಿ ಮುಷ್ಟಿಯುದ್ಧ ಗೆದ್ದ ರೋಡ್ಸ್‌ನ ಡಯಾಗೊರಸ್‌ಗಾಗಿ ಕವಿ ಪಿಂಡಾರ್ ರಚಿಸಿದ ಗೀತೆಯನ್ನು ಲಿಂಡಸ್‌ನ ಅಥೀನಾ ಗುಡಿಯಲ್ಲಿ ಚಿನ್ನದ ಅಕ್ಷರಗಳಲ್ಲಿ ಬರೆಸಿದರಂತೆ. ಕ್ರೋಟನ್‌ನ ಮೈಲೊ, ಆರು ಬಾರಿ ಒಲಿಂಪಿಕ್ ಕುಸ್ತಿ ಗೆದ್ದವನು, ಕ್ರಿ.ಪೂ. 510ರ ಸುಮಾರಿಗೆ ಸಿಬರಿಸ್ ನಗರದ ಮೇಲಿನ ಯುದ್ಧದಲ್ಲಿ ತನ್ನ ಊರಿನ ಸೈನ್ಯವನ್ನೇ ನಡೆಸಿದ. ಮಗನ ಒಂದು ಗೆಲುವಿನಿಂದ ಮನೆತನ ತಲೆಮಾರುಗಳವರೆಗೆ ತಲೆಯೆತ್ತಿ ನಡೆಯಬಹುದಿತ್ತು. ಈ ಆಸೆ ಕ್ರೌರ್ಯದಿಂದ ಹುಟ್ಟಿದ್ದಲ್ಲ; ಆದರೆ ಕ್ರೌರ್ಯವನ್ನು ಕಂಡೂ ಕಾಣದಂತೆ ಇರಲು ಅದು ಸಾಕಾಗಿತ್ತು.

ಯುದ್ಧಕ್ಕೆ ಇದು ಉಪಯೋಗವಾಯಿತೇ ಎಂಬ ವಿಷಯದಲ್ಲಿ ಗ್ರೀಕರಲ್ಲೇ ಒಮ್ಮತವಿರಲಿಲ್ಲ. ಪರ್ಷಿಯನ್ನರೊಡನೆ ನಡೆದ ಮೈಕಲೆ ಕದನದಲ್ಲಿ (ಕ್ರಿ.ಪೂ. 479) ಅಥೆನ್ಸಿನವರ ಪೈಕಿ ಎಲ್ಲರಿಗಿಂತ ಚೆನ್ನಾಗಿ ಹೋರಾಡಿದವನು ಹರ್ಮೊಲೈಕಸ್ ಎಂಬ ಪ್ಯಾಂಕ್ರೇಶನ್ ಪಟು ಎಂದು ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಲ್ಯೂಕ್ಟ್ರಾ ಕದನದಲ್ಲಿ (ಕ್ರಿ.ಪೂ. 371) ಥೀಬ್ಸ್‌ನವರು ಸ್ಪಾರ್ಟಾವನ್ನು ಸೋಲಿಸಿದ್ದಕ್ಕೆ ಕುಸ್ತಿಯ ಅಭ್ಯಾಸ ನೆರವಾಯಿತೆಂಬುದು ಪ್ಲುಟಾರ್ಕನ ಅಭಿಮಾನದ ಮಾತು. ಇಷ್ಟು ಒಂದು ಕಡೆ. ಇನ್ನೊಂದು ಕಡೆ, ಹೋಮರನ ‘ಇಲಿಯಡ್’ನಲ್ಲಿ ಪೆಟ್ರೋಕ್ಲಸನ ಅಂತ್ಯಕ್ರಿಯೆಯ ಕ್ರೀಡೆಗಳಲ್ಲಿ ಮುಷ್ಟಿಯುದ್ಧ ಗೆಲ್ಲುವ ಎಪಿಯಸ್, ರಣರಂಗದಲ್ಲಿ ತಾನು ಅಷ್ಟಕ್ಕಷ್ಟೇ ಎಂದು ತಾನೇ ಒಪ್ಪಿಕೊಳ್ಳುತ್ತಾನೆ. ಕಾದಾಟದಲ್ಲಿ ನಿಲ್ಲದವನ ಕುಸ್ತಿಯ ಕೀರ್ತಿಗೆ ತಾನು ಬೆಲೆ ಕೊಡೆನೆಂದು ಸ್ಪಾರ್ಟಾದ ಕವಿ ಟಿರ್ಟಿಯಸ್ ಹಾಡಿದ್ದ. ಸೇನಾನಿ ಫಿಲೊಪೀಮನ್ ಕುಸ್ತಿ ಪಟುವಿನ ಊಟ, ನಿದ್ದೆ, ದಿನಚರಿ ಸೈನಿಕನಿಗೆ ಹೊಂದುವುದಿಲ್ಲವೆಂದು ತಿಳಿದು ಅದನ್ನೇ ಕೈಬಿಟ್ಟ. ಗುರಾಣಿಗೆ ಗುರಾಣಿ ತಾಗಿಸಿ, ಭರ್ಜಿ ಹಿಡಿದು, ಸಾಲು ಕದಲದಂತೆ ನಿಲ್ಲುವುದೇ ಗ್ರೀಕ್ ಯುದ್ಧದ ಜೀವಾಳವಾಗಿದ್ದರಿಂದ ಒಂಟಿ ಜಟ್ಟಿಯ ಪಟ್ಟುಗಳಿಗೆ ಅಲ್ಲಿ ಜಾಗ ಕಡಿಮೆಯೇ ಇತ್ತು. ಪರ್ಷಿಯನ್ನರನ್ನು ಪ್ಯಾಂಕ್ರೇಶನ್ ಗೆದ್ದುಕೊಟ್ಟಿತು ಎನ್ನುವವರಿಗೆ ಒಂದು ಸಂಗತಿ ನೆನಪಿಸಬೇಕು: ಕ್ರಿ.ಪೂ. 480ರಲ್ಲಿ ಪರ್ಷಿಯಾದ ದೊರೆ ಜೆರ್ಕ್ಸಿಸನ ಸೈನ್ಯ ಗ್ರೀಸಿಗೆ ನುಗ್ಗುತ್ತಿದ್ದ ಬೇಸಿಗೆಯಲ್ಲೇ ಒಲಿಂಪಿಕ್ಸ್ ನಡೆಯಿತು. ಆಗಿನ ಅತಿ ಪ್ರಸಿದ್ಧ ಜಟ್ಟಿ, ಥೇಸಸ್ ದ್ವೀಪದ ಥಿಯಾಜನಿಸ್, ಅಲ್ಲಿ ಮುಷ್ಟಿಯುದ್ಧ ಗೆಲ್ಲುತ್ತಿದ್ದ. ಅದರಲ್ಲಿ ದಣಿದು ಪ್ಯಾಂಕ್ರೇಶನ್‌ಗೆ ಇಳಿಯಲಾಗದ ಕಾರಣ, ಎದುರಾಳಿ ಯೂಥಿಮಸ್‌ನನ್ನು ಕೆಣಕಲೆಂದೇ ಮುಷ್ಟಿಯುದ್ಧಕ್ಕೆ ಇಳಿದನೆಂದು ತೀರ್ಪುಗಾರರು ಅವನಿಗೆ ಭಾರಿ ದಂಡ ಹಾಕಿದರು.

ಸಾಕ್ರಟೀಸ್ ಯುದ್ಧದಲ್ಲಿ ಸೈನಿಕನಾಗಿ ನಿಂತವನು. ಪಲೆಸ್ಟ್ರಾಗಳಿಗೆ ಹೋಗಿ ಹುಡುಗರೊಡನೆ ಮಾತಿಗೆ ಕೂರುತ್ತಿದ್ದವನು. ಅವನು ಕಣದ ಪಟುವಾಗಿದ್ದ ಎನ್ನಲು ಆಧಾರವಿಲ್ಲ. ಪ್ಲೇಟೊ ಇಸ್ತ್ಮಿಯಾದಲ್ಲಿ ಕುಸ್ತಿ ಮಾಡಿದನೆಂಬ ಮಾತು ಅವನಿಗಿಂತ ಐದಾರು ನೂರು ವರ್ಷ ಈಚಿನ ಲೇಖಕ ಡಯಾಜನಿಸ್ ಲೇರ್ಷಿಯಸ್‌ನ ಬರಹದ ಮೂಲಕ ನಮಗೆ ತಲುಪಿದೆ. ಒಲಿಂಪಿಕ್ ಗೆದ್ದನೆಂಬುದು ಕಟ್ಟುಕತೆ. ಪ್ಲೇಟೊ ತನ್ನ ಕೊನೆಯ ಕೃತಿಯಲ್ಲಿ ನಿಂತು ಮಾಡುವ ಶುದ್ಧ ಕುಸ್ತಿಯನ್ನು ಮೆಚ್ಚಿ, ಬರೀ ಗೆಲ್ಲುವ ಚಪಲದ ವರಸೆಗಳು ಯುದ್ಧಕ್ಕೆ ನಿರುಪಯುಕ್ತ ಎನ್ನುತ್ತಾನೆ. ಅವನಿಗಿಂತ ಮೊದಲೇ ಕವಿಯೂ ಚಿಂತಕನೂ ಆದ ಕ್ಸೆನೊಫೇನಿಸ್, ಮುಷ್ಟಿಯೋಧನ ಗೆಲುವಿನಿಂದ ಊರಿನ ಆಡಳಿತ ಉತ್ತಮವಾಗುವುದಿಲ್ಲ, ಊರಿನ ಕಣಜ ತುಂಬುವುದಿಲ್ಲ, ಆದರೂ ಗೌರವವೆಲ್ಲ ಅವನಿಗೇ ಏಕೆ ಎಂದು ನೇರವಾಗಿ ಕೇಳಿದ್ದ. ಗ್ರೀಸಿನ ಅಸಂಖ್ಯ ಕೇಡುಗಳಲ್ಲಿ ಕ್ರೀಡಾಪಟುಗಳ ಕುಲಕ್ಕಿಂತ ಕೆಟ್ಟದ್ದಿಲ್ಲ ಎಂಬ ಮಾತು ಯೂರಿಪಿಡೀಸನ ಒಂದು ನಾಟಕದ್ದು. ಆ ಸಿಟ್ಟು ಅತಿಯಾಯಿತೆಂದು ನನಗೆ ಅನ್ನಿಸುತ್ತದೆ. ಕ್ಸೆನೊಫೇನಿಸನ ಪ್ರಶ್ನೆಗೆ ಮಾತ್ರ ಯಾರೂ ಸರಿಯಾದ ಉತ್ತರ ಕೊಟ್ಟಂತಿಲ್ಲ.

ಅಲೆಕ್ಸಾಂಡರನ ಮೂಲಕ ಈ ವಿದ್ಯೆ ಭಾರತಕ್ಕೆ ಬಂತೆಂಬುದಕ್ಕೆ ಪುರಾವೆಯಿಲ್ಲ. ಅವನು ಅನೇಕ ಸ್ಪರ್ಧೆಗಳನ್ನು ನಡೆಸಿದರೂ ಮುಷ್ಟಿಯುದ್ಧಕ್ಕಾಗಲಿ ಪ್ಯಾಂಕ್ರೇಶನ್‌ಗಾಗಲಿ ಬಹುಮಾನ ಇಡಲಿಲ್ಲವೆಂದು ಪ್ಲುಟಾರ್ಕ್ ಹೇಳುತ್ತಾನೆ. ಒಬ್ಬ ದೊಡ್ಡ ಪ್ಯಾಂಕ್ರೇಶನ್ ಪಟು ಅವನೊಡನೆ ಪಂಜಾಬಿನವರೆಗೆ ಬಂದದ್ದು ಮಾತ್ರ ನಿಜ. ಅಥೆನ್ಸಿನ ಡಯಾಕ್ಸಿಪಸ್ ಇಲ್ಲಿನ ಔತಣವೊಂದರ ನಂತರ, ಪೂರ್ತಿ ಆಯುಧ ತೊಟ್ಟ ಮೆಸಿಡೋನಿಯಾದ ಸೈನಿಕ ಕೊರೇಗಸನನ್ನು ಒಂದು ದೊಣ್ಣೆ ಹಿಡಿದು ಎದುರಿಸಿ ಕೆಡವಿದ. ಸೋತ ಅವಮಾನ ತಾಳದವರು ಅವನ ಮೇಲೆ ಚಿನ್ನದ ಬಟ್ಟಲು ಕದ್ದ ಆರೋಪ ಹೊರಿಸಿದಾಗ ಅವನು ಪ್ರಾಣ ಕಳೆದುಕೊಂಡ. ಅವನು ಇಲ್ಲಿ ಯಾರಿಗೂ ಏನನ್ನೂ ಕಲಿಸಿದ ದಾಖಲೆಯಿಲ್ಲ. ನಮ್ಮ ಮಲ್ಲವಿದ್ಯೆಗೆ ನಮ್ಮದೇ ದಾರಿಯಿದೆ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ ಹನ್ನೆರಡನೆಯ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಅಭ್ಯಾಸ, ಆಹಾರಗಳಿಗೇ ಒಂದು ಭಾಗ ಮೀಸಲಾಗಿದೆ. ಮೈಸೂರು ದಸರೆಯ ವಜ್ರಮುಷ್ಟಿ ಕಾಳಗವನ್ನು ಮೊದಲ ರಕ್ತ ಕಂಡೊಡನೆ ನಿಲ್ಲಿಸುತ್ತಾರೆ ಎಂಬುದನ್ನೂ ನಿಮ್ಮ ಮಗ ತಿಳಿದಿರಲಿ.

ಕೊನೆಯದಾಗಿ, ನಿಮ್ಮ ಮುಂದಿರುವ ತೀರ್ಮಾನ. ಗ್ರೀಕ್ ತಂದೆಯೊಬ್ಬನ ಮುಂದೆಯೂ ಇದೇ ದಾರಿಗಳಿದ್ದವು: ಮಗನನ್ನು ಪಲೆಸ್ಟ್ರಾದ ಅಭ್ಯಾಸಕ್ಕೆ ಮಾತ್ರ ಕಳಿಸುವುದು, ಬಾಲಕರ ಸ್ಪರ್ಧೆಗೆ ಇಳಿಸುವುದು, ಇಲ್ಲವೇ ಅದನ್ನೇ ಬದುಕಾಗಿಸುವುದು. ಮೊದಲನೆಯದರಲ್ಲೂ ಪೆಟ್ಟು ತಪ್ಪಿದ್ದಲ್ಲ. ವೈದ್ಯ ಗ್ಯಾಲೆನ್ ತನ್ನ 35ನೆಯ ವಯಸ್ಸಿನಲ್ಲಿ ಪಲೆಸ್ಟ್ರಾದಲ್ಲಿ ಭುಜದ ಮೂಳೆ ತಪ್ಪಿಸಿಕೊಂಡಿದ್ದ. ಮೂರನೆಯದರಲ್ಲಿ ಸೋಲೇ ಕಾಣದ ಪ್ಯಾಂಕ್ರೇಶನ್ ಪಟು ಆಸ್ಕ್ಲೆಪಿಯಾಡಿಸ್ ಕೂಡ ಅಪಾಯ ಮತ್ತು ಅಸೂಯೆಗಳ ಕಾರಣದಿಂದ 25ನೆಯ ವಯಸ್ಸಿಗೇ ಕಣ ಬಿಟ್ಟೆನೆಂದು ತನ್ನ ಶಾಸನದಲ್ಲಿ ಹೇಳಿಕೊಂಡಿದ್ದಾನೆ. ನಿಮ್ಮ ಮಗನಿಗೆ ಸಂಬಂಧಿಸಿದ್ದು ಎರಡನೆಯದು. ಅದರ ಬಗ್ಗೆ ಅರಿಸ್ಟಾಟಲನ ಮಾತು ನನಗೆ ತಿಳಿದ ಅತ್ಯಂತ ಗಟ್ಟಿಯಾದ ಸಾಕ್ಷ್ಯ. ಒಲಿಂಪಿಕ್ ವಿಜೇತರ ಪಟ್ಟಿಯಲ್ಲಿ ಬಾಲಕರಾಗಿಯೂ ದೊಡ್ಡವರಾಗಿಯೂ ಗೆದ್ದವರು ಇಬ್ಬರೋ ಮೂವರೋ ಮಾತ್ರ ಸಿಗುತ್ತಾರೆ, ಏಕೆಂದರೆ ಎಳೆಯ ವಯಸ್ಸಿನ ಕಠಿಣ ತಾಲೀಮು ಅವರ ಶಕ್ತಿಯನ್ನು ಹಿಂಡಿಬಿಟ್ಟಿರುತ್ತದೆ ಎನ್ನುತ್ತಾನೆ ಆತ. ಹರೆಯ ಬರುವವರೆಗೆ ಹಗುರ ವ್ಯಾಯಾಮ, ಆಮೇಲೆ ಮೂರು ವರ್ಷ ಇತರ ವಿದ್ಯೆಗಳು, ಅದಾದ ನಂತರವೇ ಬಿರುಸಿನ ತಾಲೀಮು ಎಂಬುದು ಅವನ ಸಲಹೆ. ಒಲಿಂಪಿಯಾದಲ್ಲಿ ಬಾಲಕರ ಕುಸ್ತಿ ಕ್ರಿ.ಪೂ. 632ರಲ್ಲೇ ಬಂದರೂ ಬಾಲಕರ ಪ್ಯಾಂಕ್ರೇಶನ್ ಸೇರಿದ್ದು ಕ್ರಿ.ಪೂ. 200ರಲ್ಲಿ, ನಾಲ್ಕು ಶತಮಾನಕ್ಕೂ ಮಿಕ್ಕಿ ಅವರು ಅದನ್ನು ಮಕ್ಕಳಿಗೆ ತೆರೆದಿರಲಿಲ್ಲ.

ಪೂರ್ತಿ ಬಿಡಿಸಿಬಿಟ್ಟರೆ ನಿಮ್ಮ ಹೆದರಿಕೆ ತಗ್ಗಬಹುದು, ಆದರೆ ಗೋಡೆಯ ಮೇಲಿನ ಮಾತು ಅವನ ತಲೆಯಲ್ಲಿ ಹಾಗೆಯೇ ಉಳಿಯುತ್ತದೆ; ಕದ್ದು ಹೋಗುವ ಸಾಧ್ಯತೆಯೂ ಇದೆ. ಸ್ಪರ್ಧೆಗೆ ಒಪ್ಪಿದರೆ ತಲೆಗೆ ಬೀಳುವ ಏಟಿನ ಅಪಾಯವನ್ನು ಒಪ್ಪಿಕೊಂಡಂತೆ. ಪದೇ ಪದೇ ಬೀಳುವ ಅಂಥ ಏಟು ಮೆದುಳಿಗೆ ಹಾನಿ ಮಾಡುತ್ತದೆಂದು ಇಂದಿನ ವೈದ್ಯರಿಗೆ ಚೆನ್ನಾಗಿ ಗೊತ್ತಿದೆ, ಆ ವಿಷಯದಲ್ಲಿ ಕ್ರೀಡಾವೈದ್ಯರ ಮಾತು ಕೇಳದೆ ಮುಂದೆ ಹೋಗಬೇಡಿ. ನನ್ನನ್ನು ಕೇಳಿದರೆ, ಹೊಡೆತವಿಲ್ಲದ ಹಿಡಿತ ಮತ್ತು ಕುಸ್ತಿಯ ಅಭ್ಯಾಸ ಮುಂದುವರಿಯಲಿ, ಸ್ಪರ್ಧೆ ಇನ್ನೂ ಕೆಲವು ವರ್ಷ ಕಾಯಲಿ ಎನ್ನುತ್ತೇನೆ. ಇದರಲ್ಲಿಯೂ ಕೀಲು, ಭುಜಗಳಿಗೆ ಪೆಟ್ಟಾಗಬಹುದು, ಹುಡುಗ ಕೆಲಕಾಲ ಮುನಿಸಿಕೊಳ್ಳಲೂಬಹುದು. ತೀರ್ಮಾನಿಸುವ ಮೊದಲು ಒಂದು ಸಂಜೆ ತರಬೇತಿ ಕೇಂದ್ರದಲ್ಲಿ ಕುಳಿತು, ನೋವಾಗಿ, ಸೋಲೊಪ್ಪಿದೆನೆಂದು ನೆಲ ತಟ್ಟಿದ ಹುಡುಗನನ್ನು ಅಲ್ಲಿನವರು ಹೇಗೆ ನಡೆಸಿಕೊಳ್ಳುತ್ತಾರೆಂದು ನೋಡಿ. ತಕ್ಷಣ ಬಿಡಿಸಿ, ಎಲ್ಲಿ ನೋವಾಯಿತೆಂದು ವಿಚಾರಿಸಿದರೆ ಅಲ್ಲೇ ಮುಂದುವರಿಸಬಹುದು. ಅವನನ್ನು ಹೀಯಾಳಿಸಿದರೆ ಮಗನನ್ನು ಅಲ್ಲಿಂದ ಬಿಡಿಸಿ, ನಿಮ್ಮ ಊರಿನಲ್ಲೇ ಕುಸ್ತಿ ಕಲಿಸುವ ಒಳ್ಳೆಯ ಉಸ್ತಾದರೊಬ್ಬರ ಬಳಿಗೆ ಕರೆದುಕೊಂಡು ಹೋಗಿ.